ಕಾಫಿ ಕುಲದ ಕವಲು

ರೋಬಸ್ಟಾ ಮೇಲೆ ಬಂದದ್ದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. ಡ್ರಾಯಿಂಗ್ ಹಾಳೆಯ ನೆತ್ತಿಯ ಮೇಲೆ ಕಾಲೇಜಿನ ಹೆಸರು, ಅದರ ಕೆಳಗೆ ಅಧ್ಯಕ್ಷರ ಹೆಸರು, ಅದರ ಕೆಳಗೆ ಅಧ್ಯಕ್ಷರ ತೀರ್ಥರೂಪರ ಹೆಸರು ಬರೆದು ಮುಗಿಸುವ ಹೊತ್ತಿಗೆ ಉಳಿದ ಜಾಗ ಇಕ್ಕಟ್ಟಾಗಿತ್ತು. ಅಲ್ಲಿ ‘ಅರೇಬಿಕಾ’ ಹಿಡಿಯಲಿಲ್ಲ, ‘ರೋಬಸ್ಟಾ’ ಹಿಡಿಯಿತು. ಅಷ್ಟೇ. ತೀರ್ಥಪ್ರಸಾದ ಸ್ಕೆಚ್ ಪೆನ್ನಿಗೆ ಮುಚ್ಚಳ ಹಾಕಿ, ಚೆನ್ನಾಗಿ ಬಂತು ಅಂದುಕೊಂಡು ಮನೆಗೆ ಹೋಗಿ ಮಲಗಿದ್ದ.

ಅವನು ಮಡಿಕೇರಿಯ ಗಿರಿವಿದ್ಯಾ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ಖಾಯಂ ಅಲ್ಲ. ‘ಮುಂದಿನ ವರ್ಷ ನೋಡೋಣ’ ಎಂಬ ಮಾತನ್ನು ಕೇಳಿ ಕೇಳಿ ಅವನ ಹೆಂಡತಿ ಅಮೃತಾ ಅದಕ್ಕೊಂದು ರಾಗವನ್ನೇ ಕಟ್ಟಿದ್ದಳು. ಈ ಸಲ ಮಾತ್ರ ಅದೃಷ್ಟ ಬಾಗಿಲವರೆಗೆ ಬಂದಿತ್ತು. ವಿಜ್ಞಾನ ವಸ್ತುಪ್ರದರ್ಶನದ ದಿನ ಅಧ್ಯಕ್ಷ ಗಂಗಣ್ಣನವರು ಕಾಲೇಜಿಗೆ ಬಂದಾಗ ಅವನ ಫೈಲಿಗೆ ಸಹಿ ಹಾಕುವುದೆಂದು ತೀರ್ಮಾನವಾಗಿತ್ತು.

“ತೀರ್ಥಪ್ರಸಾದ್, ಫೈಲು ನನ್ನ ಟೇಬಲ್ ಮೇಲಿದೆ,” ಎಂದಿದ್ದರು ಪ್ರಿನ್ಸಿಪಾಲ್ ಉದಯ ಅವರು. “ಸಹಿ ಬೀಳೋವರೆಗೆ ನೀವು ಉಸಿರಾಡೋದಿದ್ರೂ ನನ್ನನ್ನ ಒಂದ್ಮಾತು ಕೇಳಿ.”

ಪ್ರದರ್ಶನಕ್ಕೆ ಏನಾದರೂ ಊರಿಗೆ ಹೊಂದುವಂಥದ್ದು ಇರಲಿ ಎಂದು ತೀರ್ಥಪ್ರಸಾದ ಕಾಫಿಯ ಜೀವವಿಕಾಸದ ಮರವನ್ನು ಬರೆದ. ಎಡಗಡೆ ಒಂದು ಬುಡ. ಅಲ್ಲಿಂದ ಬಲಕ್ಕೆ ಕವಲೊಡೆಯುತ್ತಾ ಹೋಗುವ ಗೆರೆಗಳು. ಗೆರೆಗಳ ತುದಿಯಲ್ಲಿ ಮೇಲಿಂದ ಕೆಳಗೆ ಹೆಸರುಗಳು: ರೋಬಸ್ಟಾ, ಅರೇಬಿಕಾ, ಅವುಗಳ ದೂರದ ನೆಂಟ ಕೇಪಳ ಹೂವಿನ ಗಿಡ, ತೀರಾ ದೂರದ ಕರಿಮೆಣಸು. ಬೇರೆ ಜಿಲ್ಲೆಯಲ್ಲಾಗಿದ್ದರೆ ಇಂಥದೊಂದು ಚಿತ್ರದ ಮುಂದೆ ಜನ ಆಕಳಿಸಿ ಮುಂದಿನ ಸ್ಟಾಲಿಗೆ ಹೋಗುತ್ತಿದ್ದರು.

ಆದರೆ ಇದು ಕೊಡಗು. ಅದರಲ್ಲೂ ಗಿರಿವಿದ್ಯಾ.

ಈ ಸಂಸ್ಥೆ ಒಂದು ಕಾಲದಲ್ಲಿ ಒಂದೇ ಆಗಿತ್ತು. ಸೋಮವಾರಪೇಟೆ ಕಡೆಯ ಅರೇಬಿಕಾ ಬೆಳೆಗಾರ ಗಂಗಣ್ಣನವರೂ ಬಾಳೆಲೆಯಲ್ಲಿ ರೋಬಸ್ಟಾ ತೋಟವಿದ್ದ ಪದ್ಮಯ್ಯನವರೂ ಜೊತೆಯಾಗಿ ಕಟ್ಟಿದ್ದು. ಒಂದು ದಿನ ಆಡಳಿತ ಮಂಡಳಿಯ ಸಭೆಯಲ್ಲಿ ಗಂಗಣ್ಣನವರ ತೋಟದ ಕಾಫಿ ಬಂತು. ಪದ್ಮಯ್ಯನವರು ಒಂದು ಗುಟುಕು ಕುಡಿದು, “ಇದು ಕಾಫಿಯಾ, ಕಾಫಿ ಲೋಟ ತೊಳೆದ ನೀರಾ?” ಎಂದರು. “ನಿಮ್ ರೋಬಸ್ಟಾ ಕುಡಿದ್ರೆ ನಾಲಿಗೆಗೆ ಟಾರ್ ಹಾಕಿದಂಗಾಯ್ತದೆ,” ಎಂದರು ಗಂಗಣ್ಣ. ಸಭೆಯ ಉಳಿದ ವಿಷಯಗಳು ಇಂದಿಗೂ ಚರ್ಚೆಗೆ ಬಂದಿಲ್ಲ. ಕಾಲೇಜು ಎರಡಾಯಿತು, ಈಚೆಯದು ಗಂಗಣ್ಣನವರದು, ಆಚೆಯದು ಪದ್ಮಯ್ಯನವರದು. ಮೈದಾನದ ನಡುವೆ ಗೋಡೆ ಎದ್ದಿತು. ಈಚೆಗೊಬ್ಬ ಜೀವಶಾಸ್ತ್ರದ ಮೇಷ್ಟ್ರು, ಆಚೆಗೊಬ್ಬರು. ಈಚೆಗೊಂದು ಗಂಟೆ, ಆಚೆಗೊಂದು. ಎರಡೂ ಗಂಟೆಗಳನ್ನು ಬೇಕೆಂದೇ ಸ್ವಲ್ಪ ಹಿಂದೆ ಮುಂದೆ ಬಾರಿಸುತ್ತಿದ್ದರು. ಸಭಾಭವನವನ್ನು ಮಾತ್ರ ಸೀಳಲಾಗದೆ ಗೋಡೆಯನ್ನು ಅದಕ್ಕೆ ತಾಗಿಸಿ ನಿಲ್ಲಿಸಿದ್ದರು. ಭವನಕ್ಕೆ ಎರಡು ಬಾಗಿಲು, ಕಡೆಗೊಂದು. ಇಲಾಖೆಯವರು ‘ಪ್ರದರ್ಶನ ಜಂಟಿಯಾಗಿಯೇ ನಡೆಯಬೇಕು’ ಎಂದು ಆದೇಶ ಹೊರಡಿಸಿದ್ದರಿಂದ ಇಂದು ಎರಡೂ ಬಾಗಿಲುಗಳು ತೆರೆದಿದ್ದವು.

ತೀರ್ಥಪ್ರಸಾದನ ಸ್ಥಿತಿ ಇನ್ನೂ ನಾಜೂಕು. ಅವನ ಕೆಲಸ ಗಂಗಣ್ಣನವರಲ್ಲಿ. ಬಾಡಿಗೆಗಿದ್ದದ್ದು ಪದ್ಮಯ್ಯನವರ ಔಟ್‌ಹೌಸಿನಲ್ಲಿ. ಹಗಲು ಒಬ್ಬರ ಅನ್ನ, ರಾತ್ರಿ ಇನ್ನೊಬ್ಬರ ಸೂರು.

ಬೆಳಗ್ಗೆ ಗಂಗಣ್ಣನವರು ಈಚೆ ಬಾಗಿಲಿನಿಂದ ಬಂದರು. ಹಿಂದೆ ಪ್ರಿನ್ಸಿಪಾಲರು, ಅವರ ಕಂಕುಳಲ್ಲಿ ಫೈಲು. ಗಂಗಣ್ಣನವರ ಜೇಬಿನಿಂದ ಪೆನ್ನು ಅರ್ಧ ಹೊರಗೆ ಬಂದಿತ್ತು. ಚಿತ್ರದ ಮುಂದೆ ನಿಂತರು. ಮೊದಲು ತಂದೆಯ ಹೆಸರು ಓದಿ ಕೈಮುಗಿದರು. ಕಣ್ಣು ಒಂದು ಸಾಲು ಕೆಳಗಿಳಿಯಿತು. ಪೆನ್ನು ಜೇಬಿನೊಳಗೆ ವಾಪಸು ಹೋಯಿತು.

“ಏನ್ರೀ ಮೇಷ್ಟ್ರೇ ಇದು?”

“ಕಾಫಿಯ ಜೀವವಿಕಾಸದ ಮರ, ಸರ್.”

“ಮರ ಅನ್ನೋದು ನನಗೂ ಕಾಣ್ತದೆ. ಮರದ ತುದೀಲಿ ಹತ್ತಿ ಕೂತಿರೋನು ಯಾರು?”

“ರೋಬಸ್ಟಾ ಸರ್. ಆದ್ರೆ ಮೇಲೆ ಕೆಳಗೆ ಅನ್ನೋದಕ್ಕೆ ಇಲ್ಲಿ ಅರ್ಥ ಇಲ್ಲ. ಕವಲು ಎಲ್ಲಿ ಒಡೀತು ಅನ್ನೋದಷ್ಟೇ—”

“ಅರ್ಥ ಇಲ್ದೇನೇ ನಮ್ಮಪ್ಪನ ಹೆಸರು ಮೇಲೆ ಬರೆದ್ರಾ?”

ಪ್ರಿನ್ಸಿಪಾಲರು ನಡುವೆ ಬಂದು, “ಮೇಲಿರೋರು ಮುಂದುವರಿದವರು, ಕೆಳಗಿರೋರು ಹಿಂದುಳಿದವರು. ಇದು ಚಿಕ್ಕ ಮಕ್ಕಳಿಗೂ ಗೊತ್ತು,” ಎಂದು ಬೆಂಕಿಗೆ ಒಂದು ಸೌದೆ ಇಟ್ಟರು.

“ನೀವಿರೋದು ಪದ್ಮಯ್ಯನೋರ ಮನೇಲಿ ಅಲ್ವೇ?” ಗಂಗಣ್ಣನವರ ದನಿ ಮೆತ್ತಗಾಯಿತು. ಅದು ಕೂಗಿಗಿಂತ ಕೆಟ್ಟದ್ದೆಂದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. “ನೀವೂ ಮನೇಲಿ ಅರೆಭಾಷೆ ಮಾತಾಡೋರು, ಅವರೂ ಅರೆಭಾಷೆಯೋರು. ನಾನೇನೂ ಹೇಳಲ್ಲಪ್ಪ. ಒಂದು ಸುತ್ತು ಹಾಕ್ಕೊಂಡು ಬರ್ತೀನಿ.”

ತೀರ್ಥಪ್ರಸಾದ ನೆಲಕ್ಕೆ ಕೂತು ಕತ್ತರಿ ಹಿಡಿದ. ತಪ್ಪೇನೂ ಮಾಡುತ್ತಿಲ್ಲವೆಂಬುದು ಅವನಿಗಿದ್ದ ಒಂದೇ ಸಮಾಧಾನ. ಕವಲಿನ ಎರಡು ಕೊಂಬೆಗಳನ್ನು ಅದಲುಬದಲು ಮಾಡಿದರೆ ಮರದ ಮಾತು ಬದಲಾಗುವುದಿಲ್ಲ. ಅದು ವಿಜ್ಞಾನ ಒಪ್ಪಿದ ವಿಷಯ. ಎರಡು ಹೆಸರುಗಳನ್ನೂ ಕತ್ತರಿಸಿ ಸ್ಥಾನ ಬದಲಿಸಿ ಅಂಟಿಸಿದ. ಈಗ ಅರೇಬಿಕಾ ಮೇಲೆ, ರೋಬಸ್ಟಾ ಕೆಳಗೆ. ಗೋಂದು ಒಣಗುವ ಮೊದಲೇ ಆಚೆ ಬಾಗಿಲಿನಿಂದ ಪದ್ಮಯ್ಯನವರು ಒಳಬಂದರು. ಜೊತೆಗೆ ಆಚೆ ಕಾಲೇಜಿನ ಜೀವಶಾಸ್ತ್ರದ ಶರ್ಮಿಳಾ ಮೇಡಂ.

ಶರ್ಮಿಳಾ ಮೇಡಂ ಖಾಯಂ ಉಪನ್ಯಾಸಕಿ. ಆ ಒಂದು ಕಾರಣಕ್ಕೆ ಅವರ ಮಾತಿನಲ್ಲಿ ಸಂಶಯದ ಲವಲೇಶವೂ ಇರುತ್ತಿರಲಿಲ್ಲ.

“ನೋಡಿ ಸರ್, ಮರ ಓದೋದು ತುಂಬಾ ಸುಲಭ,” ಎಂದು ಅವರು ಛತ್ರಿಯ ತುದಿಯಿಂದ ತೋರಿಸಿದರು. “ಪಕ್ಕಪಕ್ಕ ಕೂತಿರೋರು ಅಣ್ಣತಮ್ಮಂದಿರು. ಈಗ ರೋಬಸ್ಟಾ ಪಕ್ಕ ಯಾರಿದಾರೆ? ಕೇಪಳ. ಅಂದ್ರೆ ನಿಮ್ಮ ರೋಬಸ್ಟಾ ಅರ್ಧ ಕಾಫಿ, ಇನ್ನರ್ಧ ಬೇಲಿ ಹೂ.”

ಪದ್ಮಯ್ಯನವರು ಎದೆ ಮುಟ್ಟಿಕೊಂಡರು. “ಎಂಥ ಮಾರಾಯ ತೀರ್ಥ! ನಮ್ಮವನೇ ಹಿಂಗೆ ಮಾಡಿರೆ ಹೆಂಗೆ? ನಮ್ಮ ರೋಬಸ್ಟಾನ ಕೇಪಳದ ಜೊತೆ ಕೂರ್ಸಿಯಲ್ಲಾ!”

“ಪಕ್ಕ ನೋಡ್ಬಾರ್ದು ಸರ್! ಕುಟ್ಟಕ್ಕೆ ಹೋಗೋ ಬಸ್ಸಲ್ಲಿ ನಿಮ್ಮ ಪಕ್ಕ ಕೂತೋರೆಲ್ಲ ನಿಮ್ಮ ನೆಂಟ್ರಾ? ಎರಡು ಗೆರೆ ಹಿಡ್ಕೊಂಡು ಹಿಂದೆ ಹೋಗ್ಬೇಕು, ಎಲ್ಲಿ ಕೂಡ್ತದೆ ನೋಡ್ಬೇಕು—”

“ಬಸ್ಸಲ್ಲಿ ಎಲ್ಲಿ ಬೇಕಾದ್ರೂ ಕೂರ್ಲಿ. ನಮ್ಮ ಮನೆ ಜಗಲೀಲಿ ಕೂರೋನು ಯಾರು ಅಂತ ನಾ ನೋಡ್ತೆ,” ಎಂದರು ಪದ್ಮಯ್ಯ. “ಔಟ್‌ಹೌಸ್ ಬೇಕೂಂತ ಆಗ್ಲೇ ಇಬ್ರು ಬಂದು ಕೇಳಿ ಹೋಗೊಳೊ, ಗೊತ್ತುಟ್ಟಾ ನಿಂಗೆ?”

ತೀರ್ಥಪ್ರಸಾದನಿಗೆ ಗೊತ್ತಾಯಿತು.

ಆಗ ಅವನ ತಲೆಗೆ ಒಂದು ಉಪಾಯ ಹೊಳೆಯಿತು. ಕಷ್ಟದಲ್ಲಿರುವವನಿಗೆ ಉಪಾಯ ಹೊಳೆಯುವುದು ಕಷ್ಟ ಇನ್ನೂ ಮುಗಿದಿಲ್ಲ ಎಂಬುದರ ಸೂಚನೆ. ಆದರೆ ಅವನಿಗೆ ಅಷ್ಟು ಯೋಚಿಸುವ ವ್ಯವಧಾನವಿರಲಿಲ್ಲ. ಪದ್ಮಯ್ಯನವರು ಬೇರೆ ಸ್ಟಾಲಿನತ್ತ ಹೋದ ಕೂಡಲೇ ರಟ್ಟಿನಲ್ಲಿ ಒಂದು ಕವಲನ್ನು ಕತ್ತರಿಸಿದ. ಒಂದು ಕೊಂಬೆಗೆ ಎರಡೂ ಬದಿಯಲ್ಲಿ ‘ಅರೇಬಿಕಾ’, ಇನ್ನೊಂದಕ್ಕೆ ಎರಡೂ ಬದಿಯಲ್ಲಿ ‘ರೋಬಸ್ಟಾ’ ಎಂದು ಬರೆದ. ಕವಲಿನ ಬುಡಕ್ಕೆ ಅಗರಬತ್ತಿಯ ಕಡ್ಡಿ ಸಿಕ್ಕಿಸಿ, ಕಡ್ಡಿಯನ್ನು ಅಡ್ಡಲಾಗಿ ಚಿತ್ರಕ್ಕೆ ಸಡಿಲವಾಗಿ ಕಟ್ಟಿದ. ಕಡ್ಡಿಯನ್ನು ಬೆರಳಲ್ಲಿ ಒಂದು ಸಲ ಹೊರಳಿಸಿದರೆ ಅರೇಬಿಕಾ ಮೇಲೆ. ಇನ್ನೊಂದು ಸಲ ಹೊರಳಿಸಿದರೆ ರೋಬಸ್ಟಾ ಮೇಲೆ. ಜಗತ್ತಿನ ಯಾವ ವಿಶ್ವವಿದ್ಯಾಲಯವೂ ಆಕ್ಷೇಪಿಸುವಂತಿರಲಿಲ್ಲ.

ಮುಂದಿನ ಒಂದು ಗಂಟೆ ಅವನು ಚಿತ್ರದ ಪಕ್ಕ ಗೂಟದ ಹಾಗೆ ನಿಂತ. ಒಂದು ಕಣ್ಣು ಈಚೆ ಬಾಗಿಲಿನ ಮೇಲೆ, ಇನ್ನೊಂದು ಆಚೆ ಬಾಗಿಲಿನ ಮೇಲೆ. ಬೆರಳು ಕಡ್ಡಿಯ ಮೇಲೆ. ಗಂಗಣ್ಣನವರು ಬಂದರು, ನೋಡಿದರು, ಅವನ ಬೆನ್ನು ತಟ್ಟಿದರು. “ಈಗ ಸರಿಯಾಯ್ತು ನೋಡಿ. ವಿಜ್ಞಾನ ಅಂದ್ರೆ ಇದು. ಸುತ್ತು ಮುಗಿಸ್ಕೊಂಡು ಬಂದು ಸಹಿ ಹಾಕ್ತೀನಿ.” ಅವರು ತಿರುಗಿದ ಕೂಡಲೇ ಬೆರಳು ಹೊರಳಿತು. ಪದ್ಮಯ್ಯನವರು ಬಂದರು, ನೋಡಿದರು, ಜೇಬಿನಿಂದ ಏಲಕ್ಕಿ ತೆಗೆದು ಕೊಟ್ಟರು. “ನೀ ಭಾರೀ ಹುಷಾರಿ ಮಾರಾಯ. ಔಟ್‌ಹೌಸಿಗೆ ಸುಣ್ಣ ಹೊಡ್ಸಿ ಕೊಡ್ತೆ.”

ಅಮೃತಾಳ ಫೋನ್ ಬಂತು. “ಆಯ್ತಾ?”

“ಆಗ್ತಾ ಉಟ್ಟು. ಈಗ ಇಡು, ನನ್ನ ಕೈ ಖಾಲಿ ಇಲ್ಲೆ.”

ಇಷ್ಟಕ್ಕೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗೆದ್ದ ಮನುಷ್ಯನಿಗೆ ಗೆದ್ದರೆ ಸಾಲದು, ಸೋತವನು ಅದನ್ನು ನೋಡಬೇಕು. ಹಲವು ವರ್ಷಗಳಿಂದ ಮುಖ ಕೊಟ್ಟು ಮಾತಾಡದಿದ್ದ ಗಂಗಣ್ಣನವರು ಭವನದ ನಟ್ಟನಡುವೆ ನಿಂತು ಗಂಟಲು ಸರಿಮಾಡಿಕೊಂಡರು.

“ಪದ್ಮಯ್ಯನೋರೇ, ಸ್ವಲ್ಪ ಈ ಕಡೆ ಬರ್ತೀರಾ? ವಿಜ್ಞಾನ ಏನು ಹೇಳ್ತದೆ ಅಂತ ತೋರಿಸ್ಬೇಕಿತ್ತು.”

“ನಾನೂ ನಿಮ್ಮನ್ನ ಅದಕ್ಕೇ ಕರೀಬೇಕೂಂತ ಇದ್ದೆ,” ಎಂದರು ಪದ್ಮಯ್ಯ.

ಜ್ವಾಲಾಮುಖಿಯ ಮಾದರಿಯ ಮುಂದಿದ್ದವರು ಜ್ವಾಲಾಮುಖಿಯನ್ನು ಬಿಟ್ಟು ಬಂದರು. ಇಬ್ಬರು ಹಿರಿಯರು ಎರಡು ಕಡೆಯಿಂದ ಒಂದೇ ಹೆಜ್ಜೆಯಲ್ಲಿ ಬರುವುದನ್ನು ನೋಡಿದ ತೀರ್ಥಪ್ರಸಾದನ ಬೆರಳು ಯಾವ ಕಡೆ ಹೊರಳಬೇಕೆಂದು ತಿಳಿಯದೆ ಕಡ್ಡಿಯನ್ನೇ ಬಿಟ್ಟುಬಿಟ್ಟಿತು. ಅದೇ ಹೊತ್ತಿಗೆ ಪ್ರಿನ್ಸಿಪಾಲರು, ಅತಿಥಿಗಳಿಗೆ ಸೆಕೆಯಾದೀತೆಂದು, ಮಡಿಕೇರಿಯ ಆ ಚಳಿಯಲ್ಲೂ ಸ್ಟ್ಯಾಂಡ್ ಫ್ಯಾನನ್ನು ಈ ಕಡೆ ತಿರುಗಿಸಿದರು.

ಕವಲು ಗಿರಗಿರನೆ ಸುತ್ತತೊಡಗಿತು. ಅರೇಬಿಕಾ ಮೇಲೆ, ರೋಬಸ್ಟಾ ಮೇಲೆ, ಅರೇಬಿಕಾ, ರೋಬಸ್ಟಾ. ಆಮೇಲೆ ಹೆಸರುಗಳೇ ಕಾಣದೆ ಬರೀ ಒಂದು ಮಬ್ಬು.

ಇಬ್ಬರೂ ಬಾಯಿ ತೆರೆದು ನೋಡಿದರು. ಶರ್ಮಿಳಾ ಮೇಡಂ ಛತ್ರಿ ಕೆಳಗೆ ಬೀಳಿಸಿದರು. ಪ್ರಿನ್ಸಿಪಾಲರು ಫೈಲನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

“ಮೇಷ್ಟ್ರೇ,” ಎಂದರು ಗಂಗಣ್ಣ, ಬಹಳ ಮೆತ್ತಗೆ. “ಬೆಳಗ್ಗಿಂದ ನಮ್ಮಿಬ್ಬರನ್ನೂ ಬುಗುರಿ ಥರ ಆಡಿಸ್ತಾ ಇದ್ರಾ?”

ಮುಳುಗುವವನಿಗೆ ನೀರು ಎಷ್ಟು ಆಳವಾದರೇನು. ತೀರ್ಥಪ್ರಸಾದ ಫ್ಯಾನ್ ಆರಿಸಿದ, ಕವಲನ್ನು ಕೈಯಲ್ಲಿ ಹಿಡಿದ, ಹಿಂದಿನ ಬೆಂಚಿನವರಿಗೆ ಪಾಠ ಮಾಡುವ ದನಿಯಲ್ಲಿ ಶುರು ಮಾಡಿದ.

“ಆಡಿಸ್ತಾ ಇದ್ದೆ ಸರ್. ಆದ್ರೆ ಸುಳ್ಳು ಹೇಳ್ಲಿಲ್ಲ. ನಿಮ್ಮ ಮನೇಲಿ ಮದುವೆ ಊಟಕ್ಕೆ ಪಂಕ್ತಿ ಹಾಕಿದ್ದಾರೆ ಅಂದ್ಕೊಳ್ಳಿ. ಅಣ್ಣ ಈ ತುದೀಲಿ ಕೂತ, ತಮ್ಮ ಆ ತುದೀಲಿ. ಆಮೇಲೆ ಇಬ್ರೂ ಎದ್ದು ಜಾಗ ಬದಲಾಯಿಸಿದ್ರು. ತಮ್ಮನ ಪಕ್ಕ ಪಾತ್ರೆ ಅಂಗಡಿಯೋನು ಬಂದು ಕೂತ. ಅಷ್ಟಕ್ಕೇ ತಮ್ಮ ಪಾತ್ರೆ ಅಂಗಡಿಯೋನ ತಮ್ಮ ಆಗಿಬಿಟ್ನಾ?”

“ಅದು ಹೆಂಗಾಯ್ತದೆ?” ಎಂದರು ಗಂಗಣ್ಣ.

“ಇಲ್ಲೂ ಆಗಲ್ಲ. ಮೇಲೆ ಕೆಳಗೆ, ಆಚೆ ಈಚೆ, ಇದೆಲ್ಲ ಊಟಕ್ಕೆ ಕೂತ ಸಾಲು. ಸಂಬಂಧ ಇರೋದು ಇಲ್ಲಿ.” ಅವನು ಎರಡು ಕೊಂಬೆಗಳು ಕೂಡುವ ಜಾಗದ ಮೇಲೆ ಬೆರಳಿಟ್ಟ. “ಈ ಗಂಟಲ್ಲಿ. ಎಷ್ಟು ಸಲ ಬೇಕಾದ್ರೂ ತಿರುಗಿಸಿ, ಈ ಗಂಟು ಬಿಚ್ಚಲ್ಲ.”

ಪದ್ಮಯ್ಯನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ತಾವೇ ಕಡ್ಡಿಯನ್ನು ಹೊರಳಿಸಿದರು. ಗಂಗಣ್ಣನವರು ಮತ್ತೆ ಹೊರಳಿಸಿದರು. ಇಬ್ಬರ ಮುಖದಲ್ಲೂ ಏನೋ ಒಂದು ಬೆಳಕು.

“ಅಂದ್ರೆ ಯಾರೂ ಮೇಲಲ್ಲ,” ಎಂದರು ಗಂಗಣ್ಣ ನಿಧಾನವಾಗಿ.

“ಯಾರೂ ಕೆಳಗಲ್ಲ,” ಎಂದರು ಪದ್ಮಯ್ಯ.

ಪ್ರಿನ್ಸಿಪಾಲರು ಬೆನ್ನ ಹಿಂದಿನಿಂದ ಫೈಲನ್ನು ಮೆಲ್ಲಗೆ ಮುಂದಕ್ಕೆ ತಂದರು. ಇಲ್ಲಿ ತೀರ್ಥಪ್ರಸಾದ ಬಾಯಿ ಮುಚ್ಚಿಕೊಂಡಿದ್ದರೆ ಸಹಿ ಬೀಳುತ್ತಿತ್ತು. ಆದರೆ ಪಾಠ ಅರ್ಥ ಮಾಡಿಕೊಳ್ಳುವ ವಿದ್ಯಾರ್ಥಿ ವರ್ಷಗಳ ಮೇಲೆ ಸಿಕ್ಕಿದಾಗ ಯಾವ ಮೇಷ್ಟರ ಬಾಯಿ ತಾನೇ ನಿಂತೀತು?

“ನಿಜ ಹೇಳ್ಬೇಕಂದ್ರೆ ಸರ್, ಅರೇಬಿಕಾದ್ದು ಇದಕ್ಕಿಂತ ಸ್ವಾರಸ್ಯ. ಮಕ್ಕಳಿಗೆ ಕಷ್ಟ ಆಗ್ತದೆ ಅಂತ ನಾನು ಅಣ್ಣತಮ್ಮಂದಿರ ಹಾಗೆ ಬರೆದೆ. ಅವರು ಅಣ್ಣತಮ್ಮಂದಿರಲ್ಲ.”

“ಮತ್ತೆ?”

“ಸಾಮಾನ್ಯವಾಗಿ ಈ ಮರದಲ್ಲಿ ಕೊಂಬೆ ಒಡೀತದೆ, ಕೂಡೋದಿಲ್ಲ. ಅರೇಬಿಕಾ ಹುಟ್ಟಿದ್ದು ಎರಡು ಕೊಂಬೆ ಕೂಡಿ. ತಾಯಿ ಯೂಜಿನಾಯ್ಡಿಸ್ ಅಂತ, ಆಫ್ರಿಕಾದ ಒಂದು ಕಾಡು ಕಾಫಿ.”

“ತಂದೆ?” ಎಂದು ಕೇಳಿದರು ಗಂಗಣ್ಣ.

ತೀರ್ಥಪ್ರಸಾದನಿಗೆ ಆಗ ತಾನು ಎಲ್ಲಿಗೆ ಬಂದು ನಿಂತಿದ್ದೇನೆಂಬುದು ಹೊಳೆಯಿತು. ಆದರೆ ಇಳಿಜಾರಿನಲ್ಲಿ ಬ್ರೇಕ್ ಹೋದ ಜೀಪಿಗೂ ಅವನ ನಾಲಿಗೆಗೂ ಆ ಕ್ಷಣ ಹೆಚ್ಚು ವ್ಯತ್ಯಾಸವಿರಲಿಲ್ಲ.

“ರೋಬಸ್ಟಾ, ಸರ್.”

ಗಂಗಣ್ಣನವರು ಪಕ್ಕದಲ್ಲಿದ್ದ ಕುರ್ಚಿಯ ಮೇಲೆ ಕುಸಿದರು. ಅದು ಸೌರಮಂಡಲದ ಸ್ಟಾಲಿನ ಕುರ್ಚಿ. ಮೇಲಿದ್ದ ಶನಿಗ್ರಹ ಅಪ್ಪಚ್ಚಿಯಾಯಿತು. ಯಾರೋ ನೀರು ತಂದರು. ಅವರು ಕುಡಿಯಲಿಲ್ಲ. ಎದುರಿಗೆ ಶೂನ್ಯವನ್ನು ನೋಡುತ್ತಾ, “ರೋಬಸ್ಟಾ ಇಲ್ದಿದ್ರೆ?” ಎಂದರು.

“ಅರೇಬಿಕಾನೇ ಇಲ್ಲ, ಸರ್.”

“ನಮ್ಮ ತಾತ ನೆಟ್ಟಿದ್ದು?”

“ಅದೂ ಇಲ್ಲ.”

ಪದ್ಮಯ್ಯನವರು ನಗುತ್ತಾರೆಂದು ಎಲ್ಲರೂ ಕಾದರು. ಅವರಿಗೂ ನಗು ಬರಲಿಲ್ಲ. ಗಂಗಣ್ಣನವರ ತೋಟದ ಕಾಫಿಯನ್ನು ಲೋಟ ತೊಳೆದ ನೀರು ಎಂದಿದ್ದು ಅವರಿಗೆ ನೆನಪಾಗಿರಬೇಕು. “ಹಂಗಾರೆ,” ಎಂದರು ತಡವರಿಸುತ್ತಾ, “ನಾನು ಅವತ್ತು ಬೈದದ್ದು ನಮ್ಮ ಮಗನನ್ನೇ?” ಶನಿಗ್ರಹದ ಚೂರುಗಳನ್ನು ಕೊಡವಿ ಗಂಗಣ್ಣನವರ ತೋಳು ಹಿಡಿದು ಎಬ್ಬಿಸಿದರು. ಇಬ್ಬರೂ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊರಗೆ ತೀರ್ಥಪ್ರಸಾದ ನಿಂತ. ಒಳಗೆ ಮೊದಲು ಏರುದನಿ ಕೇಳಿತು. ಆಮೇಲೆ ಯಾರೋ ಮೂಗು ಒರೆಸಿಕೊಂಡ ಸದ್ದು. ಕ್ಯಾಂಟೀನಿನ ಅಡುಗೆಯವರು ಕಾಫಿ ತೆಗೆದುಕೊಂಡು ಒಳಹೋದರು, ಹೊರಬಂದವರು, “ಎರಡೂ ಪುಡಿ ಬೆರೆಸಿ ತಾ ಅಂದ್ರು. ಹೀಗೂ ಒಂದು ದಿನ ಬರ್ತದೆ ಅಂತ ಕನಸಲ್ಲೂ ಎಣಿಸಿರ್ಲಿಲ್ಲ,” ಎಂದು ಗೋಡೆಗೆ ಒರಗಿದರು. ನಂತರ ನಗು. ಪ್ರಿನ್ಸಿಪಾಲರು ತೀರ್ಥಪ್ರಸಾದನ ಕೈ ಹಿಡಿದು ಕುಲುಕಿದರು. “ಏನ್ ಮಾಡಿಬಿಟ್ರಿ ನೀವು! ಫೈಲನ್ನೂ ಒಳಗೆ ಕಳ್ಸಿದೀನಿ. ಇವತ್ತು ನಿಮ್ಮದು ಆಗಿಲ್ಲ ಅಂದ್ರೆ ಯಾರದ್ದಾಗ್ತದೆ?” ಅವನು ಅಮೃತಾಳಿಗೆ ‘ಸಿಹಿ ಏನಾದ್ರೂ ಮಾಡು’ ಎಂದು ಸಂದೇಶ ಕಳಿಸಿದ.

ಬಾಗಿಲು ತೆರೆಯಿತು. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಸಭಾಭವನಕ್ಕೆ ನಡೆದು ಮೈಕ್ ಹಿಡಿದರು.

“ಎರಡು ಕೊಂಬೆ ಕೂಡಿದ್ರಿಂದ ಲೋಕಕ್ಕೆ ಅರೇಬಿಕಾ ಸಿಕ್ತು,” ಎಂದರು ಗಂಗಣ್ಣ. “ಗಿಡಕ್ಕಿರೋ ಬುದ್ಧಿ ನಮಗೆ ಇಲ್ಲದೆ ಹೋಯ್ತಲ್ಲ ಅಂತ ನಾವಿಬ್ರೂ ಮಾತಾಡ್ಕೊಂಡ್ವಿ. ಬರೋ ಜೂನ್‌ಗೆ ಆ ಗೋಡೆ ಇರಲ್ಲ. ಎರಡು ಕಾಲೇಜೂ ಸೇರಿ ಒಂದೇ ಗಿರಿವಿದ್ಯಾ!”

ಚಪ್ಪಾಳೆಗೆ ಮಾಡಿನ ಪಾರಿವಾಳಗಳು ಎದ್ದವು. ಎರಡೂ ಕಡೆಯ ಗಂಟೆಗಳನ್ನು ಯಾರೋ ಒಟ್ಟಿಗೇ ಬಾರಿಸಿದರು. ತೀರ್ಥಪ್ರಸಾದನ ಕಣ್ಣಲ್ಲಿ ನೀರು ಬಂತು. ಒಂದು ಪಾಠದಿಂದ ಇಷ್ಟೆಲ್ಲ ಆಗುವುದು ಅವನ ವೃತ್ತಿಯಲ್ಲಿ ಕೇಳರಿಯದ ಸಂಗತಿ. ಗಂಗಣ್ಣನವರು ಇಳಿದು ಬಂದವರೇ ಅವನನ್ನು ಕಂಬದ ಮರೆಗೆ ಕರೆದರು. ಪದ್ಮಯ್ಯನವರೂ ಬಂದರು.

“ಮೇಷ್ಟ್ರೇ, ನಿಮ್ಮ ಉಪಕಾರನ ನಾವು ಸಾಯೋವರೆಗೂ ಮರೆಯಲ್ಲ.”

“ಛೆ, ಅಷ್ಟು ದೊಡ್ಡ ಮಾತ್ಯಾಕೆ ಸರ್.”

“ಇಲ್ಲ, ಹೇಳ್ಲೇಬೇಕು. ಈಗ ನೋಡಿ, ಎರಡು ಕಾಲೇಜು ಒಂದಾಯ್ತು. ಎರಡು ಗಂಟೆ ಬೇಡ, ಒಂದು ಸಾಕು. ಎರಡು ಆಫೀಸು ಬೇಡ, ಒಂದು ಸಾಕು.” ಗಂಗಣ್ಣನವರು ಅವನ ಹೆಗಲ ಮೇಲೆ ಕೈಯಿಟ್ಟರು. “ಬಯಾಲಜಿಗೂ ಹಂಗೇ. ಶರ್ಮಿಳಾ ಮೇಡಂ ಖಾಯಂ ಆಗಿಬಿಟ್ಟಿದಾರೆ, ಅವರನ್ನ ಅಲ್ಲಾಡಿಸೋಕಾಗಲ್ಲ.”

ತೀರ್ಥಪ್ರಸಾದನಿಗೆ ಕಂಬ ಒಂದು ಸುತ್ತು ತಿರುಗಿದಂತಾಯಿತು. “ಹಾಗಾದ್ರೆ ನಾನು, ಸರ್?”

“ಅದನ್ನೇ ನೆನೆಸ್ಕೊಂಡು ನನಗೆ ಇನ್ನೂ ಎದೆ ಹೊಡ್ಕೊಳ್ತಾ ಇದೆ ಕಣ್ರೀ! ಬೆಳಗ್ಗೆ ನಿಮ್ಮ ಫೈಲಿಗೆ ಸಹಿ ಹಾಕೋಕೆ ಪೆನ್ನು ತೆಗೆದಿದ್ದೆ. ಆ ರೋಬಸ್ಟಾ ಮೇಲೆ ಕೂತಿತ್ತಲ್ಲ, ಸಿಟ್ಟು ಬಂದು ವಾಪಸು ಇಟ್ಟೆ. ಹಾಕಿಬಿಟ್ಟಿದ್ರೆ ನೀವೂ ಖಾಯಂ, ಅವರೂ ಖಾಯಂ. ಎರಡು ಕಾಲೇಜನ್ನ ಒಂದು ಮಾಡೋಕೆ ಆಗ್ತಿತ್ತಾ? ಕೋರ್ಟು ಕಚೇರಿ ಅಂತ ಅಲೀಬೇಕಿತ್ತು. ಒಳ್ಳೇ ಹೊತ್ತಲ್ಲಿ ಬರೆದಿದ್ರಿ ಬಿಡಿ ಆ ಚಿತ್ರನ.”

“ಬೇಜಾರ್ ಮಾಡ್ಕಣ್ಬೇಡ ಮಾರಾಯ,” ಎಂದರು ಪದ್ಮಯ್ಯ, ಅವನ ಅಂಗೈಗೆ ಇನ್ನೊಂದು ಏಲಕ್ಕಿ ಇಡುತ್ತಾ. “ಗೋಡೆ ಒಡೆಯೊ ಕೆಲಸ ಮುಗಿಯೋವರೆಗೆ ಕಾಲೇಜಿನ ಆಫೀಸು ನಮ್ಮ ಔಟ್‌ಹೌಸಿಗೆ ಬರ್ತಾ ಉಟ್ಟು. ಸುಣ್ಣ ಅಂತೂ ಹೇಳಿದಂಗೆ ಹೊಡ್ಸ್ತೆ.”

ಇಬ್ಬರೂ ತೋಳಿಗೆ ತೋಳು ಸೇರಿಸಿಕೊಂಡು ಗೋಡೆ ನೋಡಲು ಹೊರಟರು. ತೀರ್ಥಪ್ರಸಾದ ಕಂಬಕ್ಕೆ ಒರಗಿ ಅವರ ಬೆನ್ನನ್ನೇ ನೋಡುತ್ತಾ ನಿಂತ. ಜೇಬಿನಲ್ಲಿ ಫೋನು ಎರಡು ಸಲ ಗುಂಯ್ ಎಂದಿತು. ಪಾಯಸವೋ ಕೇಸರಿಬಾತೋ ಎಂದು ಅಮೃತಾ ಕೇಳುತ್ತಿದ್ದಳು.

ಪಕ್ಕದಲ್ಲಿ ಯಾರೋ ಕೆಮ್ಮಿದರು. ಶರ್ಮಿಳಾ ಮೇಡಂ, ಕೈಯಲ್ಲಿ ರಟ್ಟಿನ ಕವಲು.

“ಸರ್, ಹೊರಡೋ ಮುಂಚೆ ಇದನ್ನ ಇನ್ನೊಂದು ಸಲ ನಿಧಾನವಾಗಿ ಹೇಳ್ಕೊಟ್ಟು ಹೋಗ್ತೀರಾ? ಜೂನ್‌ನಿಂದ ನಿಮ್ಮ ಮಕ್ಕಳಿಗೂ ನಾನೇ ಅಲ್ವಾ, ತಪ್ಪು ಹೇಳಿದ್ರೆ ನಿಮ್ಮ ಹೆಸರು ಹಾಳಾಗ್ತದೆ.”